ಕದ್ದವನು ನೀನೇ ಅಂತ ಬರೆ

ಪ್ರೀತಿಯ ತಮ್ಮಾ,

ನಿನ್ನ ಎರಡು ಕಥೆಗಳನ್ನೂ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. ವಿಡಿಯೋ ಗೇಮಿನ ಗೊಂಬೆಗಳಿಗೆ ಕಣ್ಣೀರು ಹಾಕಿ ಅದನ್ನು ಕಥೆ ಬೇರೆ ಮಾಡಿದ್ದೀಯಾ ಅಂತ ಗೆಳೆಯರು ನಕ್ಕರಂತೆ. ಇನ್ನು ಬರೆಯುವುದೇ ಬೇಡ ಅನ್ನಿಸಿದೆ ಎಂದಿದ್ದೀಯ. ಆ ಮಾತು ಓದಿ ಸಂಕಟವಾಯಿತು. ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ. ಕಾಗುಣಿತ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸಬೇಕು ಅನ್ನೋದನ್ನೆಲ್ಲ ಬೇರೆ ಯಾರಾದರೂ ಹೇಳಿಕೊಡುತ್ತಾರೆ. ನಾನು ಹೇಳಬೇಕಾದ್ದು ಒಂದೇ.

ಮೊದಲು ನಿನ್ನ ಗೆಳೆಯರ ವಿಷಯ ಮುಗಿಸಿಬಿಡೋಣ. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಜನರಿಗೆ ಒಂದು ಪುಟ್ಟ ಚಿತ್ರ ತೋರಿಸಿದರು. ಅದರಲ್ಲಿ ಓಡಾಡುತ್ತಿದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಅಷ್ಟೇ. ಏನು ಕಂಡಿರಿ ಅಂತ ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಮನುಷ್ಯರ ಕಥೆ ಹೇಳಿದರು. ದೊಡ್ಡ ತ್ರಿಕೋನ ಜಗಳಗಂಟನಾಯಿತು, ವೃತ್ತ ಹೆದರಿದ ಜೀವವಾಯಿತು. ಬರೀ ಗೆರೆಗಳಿಗೇ ಮರುಗುವ ಮನಸ್ಸು ನಮ್ಮದು. ಹೀಗಿರುವಾಗ ಮುಖ, ಹೆಸರು, ದನಿ ಇರುವ ಪಾತ್ರಕ್ಕೆ ಮರುಗಿದರೆ ನಾಚಿಕೆ ಎಂಥದ್ದು?

ನಿನ್ನ ಮೊದಲ ಕಥೆ ಓದಿದ ಮೇಲೆ ನಾನೂ 'ದಿಸ್ ವಾರ್ ಆಫ್ ಮೈನ್' ಆಡಿದೆ. 2014ರಲ್ಲಿ ಪೋಲೆಂಡಿನವರು ಮಾಡಿದ ಆಟ. ತೊಂಬತ್ತರ ದಶಕದ ಬೋಸ್ನಿಯಾ ಯುದ್ಧದಲ್ಲಿ ಸರಾಯೆವೊ ನಗರಕ್ಕೆ ಬಿದ್ದ ಮುತ್ತಿಗೆಯ ನೆನಪು ಅದರ ಹಿಂದಿದೆ. ನಾವು ಆಡಿಸುವುದು ಸೈನಿಕರನ್ನಲ್ಲ, ಮುರುಕು ಮನೆಯಲ್ಲಿ ಅಡಗಿರುವ ಸಾಮಾನ್ಯ ಜನರನ್ನು. ಹಗಲು ಹೊರಗೆ ಕಾಲಿಟ್ಟರೆ ಸ್ನೈಪರ್, ಅಂದರೆ ಅಡಗಿ ಕೂತು ದೂರದಿಂದ ಗುಂಡು ಹಾರಿಸುವವರ, ಭಯ. ಹಾಗಾಗಿ ರಾತ್ರಿ ಒಬ್ಬರನ್ನು ಆಹಾರ, ಔಷಧಿ ಹುಡುಕಲು ಕಳಿಸಬೇಕು. ನೀನು ಕಳಿಸಿದ್ದು ಆ ಮುದುಕ ಮುದುಕಿಯ ಮನೆಗೆ. ಅವರು ತಿರುಗಿ ಹೊಡೆಯುವವರಲ್ಲ. ಮುದುಕ ಬೇಡಿಕೊಳ್ಳುತ್ತಾ ಹಿಂದೆ ಹಿಂದೆಯೇ ಬರುತ್ತಾನೆ. ಅವರ ಸಾಮಾನು ಪರದೆಯ ಒಂದು ಕಡೆ, ನಿನ್ನ ಚೀಲ ಇನ್ನೊಂದು ಕಡೆ. ಒಂದೊಂದನ್ನೇ ಕ್ಲಿಕ್ ಮಾಡಿ ಈಚೆಗೆ ತರಬೇಕು. ಅವನು ತಡೆಯುವುದಿಲ್ಲ. ತಡೆದು ನಾಲ್ಕು ಏಟು ಹಾಕಿದ್ದರೆ ಎಷ್ಟೋ ಸಲೀಸಾಗುತ್ತಿತ್ತು, ಅಲ್ವಾ?

ಈ ಜಾಗದಲ್ಲಿ ನೀನು ಬರೆದದ್ದು ನೋಡು: "ಅನಿವಾರ್ಯವಾಗಿ ಪಾತ್ರವು ಔಷಧಿಯನ್ನು ತೆಗೆದುಕೊಳ್ಳಬೇಕಾಯಿತು." ಯಾವ ಪಾತ್ರ ಮಾರಾಯ? ಕ್ಲಿಕ್ ಮಾಡಿದ್ದು ಯಾರ ಬೆರಳು? ಕಾದಂಬರಿಯಲ್ಲಿ ಯಾರೋ ಸತ್ತರೆ ಅಳುತ್ತೇವೆ, ಆದರೆ ಕೊಂದವರು ನಾವಲ್ಲ. ಆಟದಲ್ಲಿ ಆ ಸಮಾಧಾನ ಸಿಗುವುದಿಲ್ಲ. ಕದಿಯದೆ ಬರಿಗೈಲಿ ವಾಪಸ್ ಬರಬಹುದಿತ್ತು, ಬರಲಿಲ್ಲ. ನಿನ್ನ ಕಥೆಗೆ ಜೀವ ಇರುವುದು ಅಲ್ಲೇ. ನೀನು ಮುದುಕನ ಮೇಲಿನ ಕನಿಕರವನ್ನು ಪುಟಗಟ್ಟಲೆ ಬರೆದು, ನಿನ್ನ ಕೈಯನ್ನು ಮಾತ್ರ ಬಚ್ಚಿಟ್ಟಿದ್ದೀಯ.

ಬಚ್ಚಿಟ್ಟದ್ದು ಇನ್ನೂ ಒಂದಿದೆ. ಕೊನೆಯ ಪುಟದಲ್ಲಿ ಒಂದು ಅರ್ಧ ಸಾಲು: "ಆಟ ಮುಚ್ಚಿ ಮತ್ತೆ ಶುರು ಮಾಡಿದೆ." ಆ ಆಟ ಸೇವ್ ಆಗುವುದು, ಅಂದರೆ ಅಲ್ಲಿಯವರೆಗೆ ಆಡಿದ್ದು ದಾಖಲಾಗುವುದು, ಆಟದೊಳಗಿನ ದಿನ ಶುರುವಾದಾಗ. ರಾತ್ರಿ ಮುಗಿಯುವ ಮೊದಲೇ ಮುಚ್ಚಿಬಿಟ್ಟರೆ ಕಳ್ಳತನ ನಡೆದೇ ಇಲ್ಲ. ಅವರ ಊಟ ಅಲ್ಲೇ ಇದೆ, ಔಷಧಿ ಅಲ್ಲೇ ಇದೆ. ಯಾರಿಗೂ ಏನೂ ಆಗಿಲ್ಲ. ಆದರೂ ಬೆಳಗಿನವರೆಗೆ ನಿದ್ದೆ ಬರಲಿಲ್ಲ ಅಂತ ಪತ್ರದಲ್ಲಿ ಹೇಳಿದ್ದೀಯ. ಕಥೆಯಲ್ಲಿ ಯಾಕಿಲ್ಲ ಅದು? ನಷ್ಟ ಆದವರೇ ಇಲ್ಲ ಅಂದಮೇಲೆ ಆ ಅಳುಕು ಎಲ್ಲಿಂದ ಬಂತು? ಹೊಟ್ಟೆಗಿಲ್ಲದಾಗ ನಾನು ಎಂಥವರ ಮನೆಗೂ ಕೈಹಾಕುತ್ತೇನೆ ಅಂತ ನಿನಗೇ ಗೊತ್ತಾಗಿಬಿಟ್ಟಿತು. ಆಟವನ್ನು ಹಿಂದಕ್ಕೆ ತಿರುಗಿಸಬಹುದು, ಗೊತ್ತಾದದ್ದನ್ನು ಏನು ಮಾಡುವುದು? ನನಗೆ ಹೀಗನ್ನಿಸುತ್ತದೆ. ನಿನಗೆ ಬೇರೆ ಅನ್ನಿಸಿದ್ದರೆ ಅದನ್ನೇ ಬರೆ. ಆದರೆ ಬರೆ.

ಟೋಬಿ ಫಾಕ್ಸ್ 2015ರಲ್ಲಿ ಹೊರತಂದ 'ಅಂಡರ್‌ಟೇಲ್' ಆಡಿದ್ದೀಯಾ? ಅದರಲ್ಲಿ ಟೋರಿಯಲ್ ಅಂತ ಒಬ್ಬಳು, ಅಮ್ಮನ ಹಾಗೆ ನೋಡಿಕೊಳ್ಳುವವಳು. ಅವಳನ್ನು ಕೊಂದು, ಮನಸ್ಸು ತಡೆಯದೆ ಹಳೆಯ ಸೇವ್‌ಗೆ ಹೋಗಿ ಈ ಸಲ ಉಳಿಸಿದೆವು ಅಂತಿಟ್ಟುಕೋ. ಆಗಲೂ ಫ್ಲೋವಿ ಎಂಬ ಹೂವು ಎದುರಾಗಿ, ನೀನು ಮೊದಲು ಮಾಡಿದ್ದು ನನಗೆ ಗೊತ್ತು ಎನ್ನುತ್ತದೆ. ಆಟ ಮಾಡಿದವರು ಇಷ್ಟು ದಿಟ್ಟವಾಗಿ ಹೇಳಿರುವಾಗ ಕಥೆ ಬರೆಯುವ ನೀನು ಅರ್ಧ ಸಾಲಿನಲ್ಲಿ ಜಾರಿಕೊಂಡರೆ ಹೇಗೆ?

ಎರಡನೆಯ ಕಥೆ ನನಗೆ ಹಿಡಿಸಲಿಲ್ಲ. 2012ರ 'ಸ್ಪೆಕ್ ಆಪ್ಸ್: ದಿ ಲೈನ್' ಎಂಬ ಯುದ್ಧದ ಆಟದಲ್ಲಿ ಬಿಳಿ ರಂಜಕ, ಅಂದರೆ ಮೈ ಸುಡುವ ಬೆಂಕಿಮದ್ದು, ಸುರಿಸುವ ಘಟನೆ ಅದು. ಅಲ್ಲಿ ಆ ಬೆಂಕಿ ಸುರಿಸದೆ ಆಟ ಮುಂದಕ್ಕೆ ಹೋಗುವುದೇ ಇಲ್ಲ. ಸುರಿಸಿದ ಮೇಲೆ ಸತ್ತವರಲ್ಲಿ ನಾಗರಿಕರೂ ಇದ್ದರು ಅಂತ ತೋರಿಸುತ್ತಾರೆ. "ಈ ಪಾಪ ನನ್ನನ್ನು ಜೀವನವಿಡೀ ಸುಡುತ್ತದೆ" ಎಂದಿದ್ದೀಯ. ನಾನು ನಂಬಲಿಲ್ಲ. ಬೇರೆ ದಾರಿಯೇ ಕೊಡದ ಕಡೆ ಅಸಹ್ಯ ಆಗಬಹುದು, ಆಟ ಮಾಡಿದವರ ಮೇಲೆ ಸಿಟ್ಟೂ ಬರಬಹುದು. ಸಿಟ್ಟು ಬಂದಿದ್ದರೆ ಸಿಟ್ಟನ್ನೇ ಬರೆ. ಕಥೆಗೆ ತೂಕ ಬರಲಿ ಅಂತ ಇಲ್ಲದ ಪಾಪಪ್ರಜ್ಞೆ ತಂದು ಸುರಿಯಬೇಡ. ಮೊದಲನೆಯದರಲ್ಲಿ ಇದ್ದದ್ದನ್ನು ಮುಚ್ಚಿಟ್ಟೆ, ಇಲ್ಲಿ ಇಲ್ಲದ್ದನ್ನು ಸೇರಿಸಿದೆ.

ನನಗೊಂದು ಹಳೆಯ ಸಿಟ್ಟಿದೆ, ಇವತ್ತು ಹೇಳಿಬಿಡುತ್ತೇನೆ. ಶುರುವಿನಲ್ಲಿ ಒಬ್ಬ ಸಂಪಾದಕರು ನನ್ನ ಕಥೆ ಒಪ್ಪಿಕೊಂಡು, ಕೊನೆಗೆ ತಾವೇ ಒಂದು ಪ್ಯಾರಾ ಸೇರಿಸಿ ಅಚ್ಚು ಹಾಕಿದರು. ಇದೆಲ್ಲ ಕಲ್ಪನೆ, ನಿಜವಾದ ಜನರ ಕಷ್ಟ ಇದಕ್ಕಿಂತ ದೊಡ್ಡದು ಅನ್ನುವ ಅರ್ಥದ ಪ್ಯಾರಾ. ನನ್ನನ್ನು ಒಂದು ಮಾತು ಕೇಳಲಿಲ್ಲ. ಓದಿದವರು ಹೊಗಳಿದ್ದು ಆ ಪ್ಯಾರಾವನ್ನೇ. ಇವತ್ತಿಗೂ ಅವರನ್ನು ಕ್ಷಮಿಸಲು ನನಗೆ ಆಗಿಲ್ಲ. ನೀನು ನೋಡಿದರೆ ಅದೇ ಪ್ಯಾರಾವನ್ನು ಕೈಯಾರೆ ಸೇರಿಸಿ ಕಳಿಸಿದ್ದೀಯ! "ಎಷ್ಟಾದರೂ ಇದು ಬರೀ ಆಟ" ಅಂತೆ. ನಿಜವಾದ ಯುದ್ಧದಲ್ಲಿ ಬೆಂದವರ ನೋವು ಎಷ್ಟು ದೊಡ್ಡದು ಅಂತ ಓದುವವರಿಗೆ ಗೊತ್ತಿದೆ. ಅವರ ಹೆಸರು ಹೇಳಿ ನಿನ್ನ ಅಳುಕನ್ನು ಸಣ್ಣದು ಮಾಡುವ ಅಗತ್ಯವಿಲ್ಲ.

ಆ ಪ್ಯಾರಾ ತೆಗೆ. ಎರಡನೆಯ ಕಥೆ ಸದ್ಯ ಪಕ್ಕಕ್ಕಿರಲಿ. ಆಟ ಮುಚ್ಚಿದ ಗಳಿಗೆಯಿಂದ ಬೆಳಗಿನವರೆಗೆ ಏನೇನು ತಲೆಗೆ ಬಂತೋ ಅಷ್ಟನ್ನು ಬರೆ, ಚಂದ ಮಾಡಲು ಹೋಗಬೇಡ. ನಕ್ಕ ಗೆಳೆಯರಿಗೆ ಈಗಲೇ ತೋರಿಸಬೇಡ, ಮೊದಲು ನನಗೆ ಕಳಿಸು. ಮಿಕ್ಕದ್ದು ಓದಿದ ಮೇಲೆ ಮಾತಾಡೋಣ.

ಪ್ರೀತಿಯಿಂದ,
ನಿನ್ನ ಹಿರಿಯ ಓದುಗ