ಮೈಕ್ರೋಗ್ರಾಂ ಅಂತ ಪೂರ್ತಿ ಬರೀರಿ, ಮ್ಯೂ ನಂಬ್ಕೋಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಗರ್ಭಿಣಿಯರಿಗೆ ಸರ್ಕಾರದಿಂದ ಕೊಡೋ ಕೆಂಪು ಮಾತ್ರೆ ಬಗ್ಗೆ ಲೇಖನ ಬಂದಿತ್ತು. ಲೇಖನ ಚೆನ್ನಾಗೇ ಇತ್ತು, ರಕ್ತಹೀನತೆ ಬಗ್ಗೆ ಇಷ್ಟು ಬಿಡಿಸಿ ಹೇಳೋರು ಕಮ್ಮಿ, ಆದ್ರೆ ಅದರಲ್ಲಿ ಒಂದು ಸಾಲು "60 ಮಿ.ಗ್ರಾಂ ಕಬ್ಬಿಣ, 500 ಮಿ.ಗ್ರಾಂ ಫೋಲಿಕ್ ಆಸಿಡ್" ಅಂತ ಅಚ್ಚಾಗಿದೆ. ಕಬ್ಬಿಣದ್ದು ಸರಿ. ಫೋಲಿಕ್ ಆಸಿಡ್ ಇರೋದು 500 ಮೈಕ್ರೋಗ್ರಾಂ, ಅಂದ್ರೆ ಅರ್ಧ ಮಿಲಿಗ್ರಾಂ. ಸಾವಿರ ಪಟ್ಟು ವ್ಯತ್ಯಾಸ ಸಾರ್. ಮೆಡಿಕಲ್ ಶಾಪಲ್ಲಿ ಸಾಮಾನ್ಯವಾಗಿ ಸಿಗೋ ಫೋಲಿಕ್ ಆಸಿಡ್ ಮಾತ್ರೆ 5 ಮಿಲಿಗ್ರಾಂದು, ನಿಮ್ಮ ಸಾಲು ನಂಬಿದ್ರೆ ಅಂಥವು ನೂರು ನುಂಗ್ಬೇಕು.

ಬೈಯೋಕೆ ಬರೀತಿಲ್ಲ. ನಾನು 22 ವರ್ಷದಿಂದ ಪಿಯು ಕಾಲೇಜ್ ಎದುರಿಗೆ ಡಿಟಿಪಿ ಅಂಗಡಿ ಇಟ್ಕೊಂಡಿದೀನಿ, ಈ ತಪ್ಪು ಎಲ್ಲಿ ಹುಟ್ಟತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಲೇಖನ ಬರೆದವರು ಸರಿಯಾಗೇ ಬರೆದಿರ್ತಾರೆ, ಗ್ರೀಕ್ ಅಕ್ಷರ ಮ್ಯೂ ಹಾಕಿ ಪಕ್ಕದಲ್ಲಿ ಜಿ ಬರೆದಿರ್ತಾರೆ (ಇಂಗ್ಲಿಷ್ ಯು ಅಕ್ಷರದ ಎಡಗಾಲು ಕೆಳಗೆ ಉದ್ದಕ್ಕೆ ಇಳಿದ ಹಾಗೆ ಕಾಣತ್ತಲ್ಲ, ಅದೇ ಮ್ಯೂ). ಗ್ರೀಕಲ್ಲಿ ಮಿಕ್ರೋಸ್ ಅಂದ್ರೆ ಚಿಕ್ಕದು, ಅದರ ಮೊದಲಕ್ಷರ ಅಂತ ಮೈಕ್ರೋಗೆ ಆ ಗುರುತು. ಹಳೇ ವರ್ಡ್ ಫೈಲಲ್ಲಿ ಸಿಂಬಲ್ ಅನ್ನೋ ಫಾಂಟ್ ಹಾಕಿ ಕೀಬೋರ್ಡಲ್ಲಿ ಎಂ ಒತ್ತಿದ್ರೆ ಮ್ಯೂ ಬರತ್ತೆ, ಆಮೇಲೆ ಯಾರೋ ಪೇಜ್ ಮಾಡೋರು ಇಡೀ ಪ್ಯಾರಾ ಸೆಲೆಕ್ಟ್ ಮಾಡಿ ಫಾಂಟ್ ಬದಲಾಯಿಸ್ತಾರೆ, ಆ ಕ್ಷಣಕ್ಕೆ ಮ್ಯೂ ಹೋಗಿ ಎಂ ಕೂತ್ಕೊಳತ್ತೆ, ಮೈಕ್ರೋಗ್ರಾಂ ಹೋಗಿ ಮಿಲಿಗ್ರಾಂ ಆಗತ್ತೆ. ಅಕ್ಷರ ಕೆಟ್ಟು ಡಬ್ಬಿ ಡಬ್ಬಿ ಆಗಿದ್ರೆ ಕಣ್ಣಿಗೆ ಬೀಳ್ತಿತ್ತು. ಇದು ಕೆಟ್ಟ ಹಾಗೆ ಕಾಣಲ್ಲ, ಅದೇ ಭಯ. ಆಮೇಲೆ ಅನುವಾದ ಮಾಡೋರು ಅದನ್ನ ನೋಡಿ ಮಿ.ಗ್ರಾಂ ಅಂತ ಬರೀತಾರೆ, ಅವರ ತಪ್ಪೇನಿದೆ.

ಕನ್ನಡದಲ್ಲಿ ಇನ್ನೊಂದು ತೊಡಕು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ (ಆಸ್ಕಿ) ಫಾಂಟಲ್ಲಿ ಮ್ಯೂ ಇರಬೇಕಾದ ಮನೆಯಲ್ಲಿ ಷ ಕೂತಿದೆ, ತಲೆಕಟ್ಟು ಮಾತ್ರ ಬೇರೆ ಕಡೆ. ಹಾಗಾಗಿ ನುಡಿಯಲ್ಲಿ ಟೈಪ್ ಮಾಡಿದ ಔಷಧ ಅನ್ನೋ ಪದನ ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ನಡುವೆ ಒಂದು ಮ್ಯೂ ಕಾಣತ್ತೆ, ಉಲ್ಟಾ ಮ್ಯೂ ಇರೋ ಇಂಗ್ಲಿಷ್ ಸಾಲಿಗೆ ಆ ಫಾಂಟ್ ಹಾಕಿದ್ರೆ ತಲೆಕಟ್ಟಿಲ್ಲದ ಷ ಬರತ್ತೆ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಜಾಗ ಕೊಡೋ ಯೂನಿಕೋಡ್ ಬಂದ್ಮೇಲೆ ಸರಿಹೋಯ್ತು ಅಂದ್ಕೊಂಡ್ರೆ ಅಲ್ಲೂ ಮ್ಯೂಗೆ ಎರಡು ಜಾಗ, ಒಂದು ಗ್ರೀಕ್ ಅಕ್ಷರ, ಇನ್ನೊಂದು ಬರೀ ಮೈಕ್ರೋ ಚಿಹ್ನೆ. ನೋಡೋಕೆ ಎರಡೂ ಒಂದೇ, ಕೆಲವು ಸಾಫ್ಟ್‌ವೇರಲ್ಲಿ ಹುಡುಕಿದ್ರೆ ಒಂದು ಸಿಗತ್ತೆ ಇನ್ನೊಂದು ತಪ್ಪಿಸ್ಕೊಳತ್ತೆ.

ಆರೇಳು ವರ್ಷದ ಹಿಂದೆ ನಮ್ಮೂರಿನ ಒಂದು ನರ್ಸಿಂಗ್ ಹೋಮಿನ ಥೈರಾಯ್ಡ್ ಕ್ಯಾಂಪಿಗೆ ನಾನೇ ಕರಪತ್ರ ಮಾಡಿದ್ದೆ, ಎರಡು ಸಾವಿರ ಪ್ರತಿ. ಮೂರು ಸಲ ಪ್ರೂಫ್ ನೋಡಿದ್ರೂ ಯಾರಿಗೂ ಗೊತ್ತಾಗ್ಲಿಲ್ಲ. ಹಂಚೋ ದಿನ ಬೆಳಿಗ್ಗೆ ಅಲ್ಲಿನ ಫಾರ್ಮಸಿಸ್ಟ್ ಫೋನ್ ಮಾಡಿ, ಥೈರಾಯ್ಡ್ ಮಾತ್ರೆಗೆ 50 ಮೈಕ್ರೋಗ್ರಾಂ ಇರ್ಬೇಕಾದ ಕಡೆ 50 ಮಿಲಿಗ್ರಾಂ ಅಂತ ಹಾಕಿದೀರಲ್ಲಾ ಅಂದ್ರು. ಎಲ್ಲ ವಾಪಸ್ ತರಿಸ್ಕೊಂಡೆ. ಮನೆಗೆ ಹೋಗಿ ನನ್ನ ಹೆಂಡತಿ ದಿನಾ ಖಾಲಿ ಹೊಟ್ಟೆಗೆ ತಗೊಳೋ ಥೈರಾಯ್ಡ್ ಬಾಟ್ಲಿ ಕೈಗೆತ್ತಿಕೊಂಡು ನೋಡಿದೆ, 100 ಎಂಸಿಜಿ (ಮೈಕ್ರೋಗ್ರಾಂ) ಅಂತಿತ್ತು, ನೂರು ಮಾತ್ರೆ. ಲೆಕ್ಕ ಹಾಕಿದ್ರೆ ಆ ಬಾಟ್ಲಿ ಪೂರ್ತಿ ಸೇರಿಸಿದ್ರೂ ಔಷಧ ಇರೋದು ಬರೀ 10 ಮಿಲಿಗ್ರಾಂ! ನಾನು ಅಚ್ಚು ಹಾಕಿದ್ದು ಅಂಥ ಐದು ಬಾಟ್ಲಿಯಷ್ಟು, ಒಂದು ದಿನಕ್ಕೆ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಅಲ್ಲಿಂದ ಈ ಅಕ್ಷರ ಎಲ್ಲಿ ಕಂಡ್ರೂ ಗಮನ ಹೋಗತ್ತೆ, ಮತ್ತೆ ಅದು ಎಲ್ಲೆಲ್ಲೂ ಇದೆ. ಫಸ್ಟ್ ಪಿಯು ಫಿಸಿಕ್ಸ್ ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ ಮ್ಯೂ ಅಂದ್ರೆ ಘರ್ಷಣೆ ಗುಣಾಂಕ, ಅದೇ ಮೇಷ್ಟ್ರು ಸೆಕೆಂಡ್ ಪಿಯು ಪೇಪರ್ ತಂದ್ರೆ ಒಂದು ಕಡೆ ವಾಹಕದಲ್ಲಿ ಎಲೆಕ್ಟ್ರಾನ್ ಎಷ್ಟು ಸರಾಗವಾಗಿ ಸರಿಯತ್ತೆ ಅನ್ನೋದಕ್ಕೆ ಮ್ಯೂ, ಇನ್ನೊಂದು ಕಡೆ ಕಾಂತಕ್ಷೇತ್ರದ ಪಾಠದಲ್ಲಿ ಕೆಳಗೊಂದು ಸೊನ್ನೆ ಹಾಕ್ಕೊಂಡು ಇನ್ನೊಂದು ಮ್ಯೂ. ಸ್ಟಾಟಿಸ್ಟಿಕ್ಸ್ ಮೇಡಂಗೆ ಅದು ಇಡೀ ಸಮೂಹದ ಸರಾಸರಿ. ಫ್ಯಾನ್ ನಿಧಾನಕ್ಕೆ ತಿರುಗ್ತಿದೆ ಅಂತ ಎಲೆಕ್ಟ್ರಿಕಲ್ ಅಂಗಡಿಗೆ ಹೋದ್ರೆ "ಎರಡೂವರೆ ಎಂಎಫ್‌ಡಿ ಕೆಪಾಸಿಟರ್ ಕೊಡಿ" ಅಂತೀವಲ್ಲ, ಆ ಎಂಎಫ್‌ಡಿ ಅಂದ್ರೂ ಮೈಕ್ರೋಫ್ಯಾರಡ್ಡೇ, ಅಲ್ಲಿ ಮಾತ್ರ ಎಂ ಅಂದ್ರೆ ಮೈಕ್ರೋ. ಪ್ಲಾಸ್ಟಿಕ್ ಕವರು 120 ಮೈಕ್ರಾನ್‌ಗಿಂತ ತೆಳ್ಳಗಿರಬಾರದು ಅಂತ 2022ರ ಡಿಸೆಂಬರ್ 31ರಿಂದ ರೂಲ್ಸ್ ಬಂತಲ್ಲ, ಆ ಮೈಕ್ರಾನಿಗೆ (ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) 1879ರಿಂದ 1967ರ ತನಕ ಬರೀ ಮ್ಯೂ ಒಂದೇ ಅಕ್ಷರ ಗುರುತಾಗಿತ್ತು, ಮುಂದೆ ಮೀಟರೂ ಇಲ್ಲ ಏನೂ ಇಲ್ಲ. 2021ರ ಆಗಸ್ಟ್ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಕೊರೋನಾ ತಳಿ ಒಂದಕ್ಕೂ ಇದೇ ಹೆಸರು ಇಟ್ಟಿತ್ತು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಕೆಜಿಎಫ್ ಮ್ಯೂ. ಕಾಸ್ಮಿಕ್ ಕಿರಣ ವಾತಾವರಣಕ್ಕೆ ಬಡಿದಾಗ ಕೊನೆಗೆ ಮ್ಯೂಯಾನ್ ಅನ್ನೋ ಕಣ ಹುಟ್ಟತ್ತೆ, ಅದರ ಗುರುತೂ ಮ್ಯೂನೇ, ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ, ಬಂಡೆ ಒಳಗೂ ಆಳಕ್ಕೆ ತೂರ್ಕೊಂಡು ಹೋಗತ್ತೆ. ನಮ್ಮ ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದು ಎಷ್ಟು ಆಳದಲ್ಲಿ ಎಷ್ಟು ಮ್ಯೂಯಾನ್ ಬರತ್ತೆ ಅಂತ ಅಳೆದ್ರು. ಆಮೇಲೆ 1965ರಲ್ಲಿ ಅದೇ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ, ಮೇಲಿಂದ ಇಳಿಯೋದಲ್ಲದೆ ಅಡ್ಡಡ್ಡ ಬಂದ ಮ್ಯೂಯಾನ್ ಸಿಕ್ತು. ಅಷ್ಟು ಬಂಡೆ ದಾಟಿ ಅಡ್ಡ ಬರೋಕೆ ಮ್ಯೂಯಾನಿಗೆ ಆಗಲ್ಲ, ಹಂಗಾಗಿ ಅದು ಅಲ್ಲೇ ಹತ್ತಿರದ ಕಲ್ಲಲ್ಲಿ ನ್ಯೂಟ್ರಿನೋ (ಭೂಮಿಯನ್ನೇ ತೂರ್ಕೊಂಡು ಹೋಗಬಲ್ಲ ಸೂಕ್ಷ್ಮ ಕಣ) ಡಿಕ್ಕಿ ಹೊಡೆದು ಹುಟ್ಟಿದ್ದು ಅಂತ ಗೊತ್ತಾಯ್ತು. ವಾತಾವರಣದ ನ್ಯೂಟ್ರಿನೋ ಕಂಡ ಮೊದಲ ಪ್ರಯೋಗಗಳಲ್ಲಿ ಅದೊಂದು, ನಮ್ಮ ಕೋಲಾರದಲ್ಲಿ. ಈ ಮ್ಯೂಯಾನಿನ ಆಯಸ್ಸು 2.2 ಮೈಕ್ರೋಸೆಕೆಂಡ್, ಅದನ್ನ ಗುರುತಲ್ಲಿ ಬರೆದ್ರೆ ಒಂದೇ ಸಾಲಲ್ಲಿ ಎರಡು ಮ್ಯೂ ಬರತ್ತೆ, ಒಂದು ಕಣ, ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ. ಓದೋ ಹುಡುಗ್ರಿಗೆ ಒಂಚೂರೂ ಗೊಂದಲ ಆಗಲ್ಲ.

ಯಾಕೆ ಆಗಲ್ಲ ಅಂದ್ರೆ ಅಕ್ಕಪಕ್ಕದ ಮಾತು ಕೈಹಿಡಿಯತ್ತೆ. ಅಡಿ ಅಂದ್ರೆ ಅಳತೇನೋ ಕೆಳಗಡೇನೋ ಅಂತ ನಾವು ನಿಂತು ಯೋಚ್ನೆ ಮಾಡ್ತೀವಾ? ಇಳಿಜಾರಲ್ಲಿ ಡಬ್ಬಿ ಜಾರೋ ಲೆಕ್ಕದಲ್ಲಿ ಮ್ಯೂ ಬಂದ್ರೆ ಅದು ಘರ್ಷಣೆನೇ, ಸರಾಸರಿ ಅಲ್ಲ. ಆದ್ರೆ 500 ಮೈಕ್ರೋಗ್ರಾಂ, 500 ಮಿಲಿಗ್ರಾಂ, ಎರಡೂ ಮಾತ್ರೆ ಪಕ್ಕದಲ್ಲೇ ಬರೋವು, ಎರಡೂ ಓದೋಕೆ ಸಹಜವಾಗೇ ಇರತ್ತೆ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಅಂತ ಕೇಳಿ ಅಭ್ಯಾಸ ಆದ ಕಿವಿಗೆ ಇದರಲ್ಲಿ ತಪ್ಪೇನೂ ಅನ್ಸಲ್ಲ.

ಅದಕ್ಕೆ ಕೇಳ್ಕೊಳ್ಳೋದು, ಔಷಧದ ಅಳತೆ ಬಂದ ಕಡೆ ಮ್ಯೂ ಗುರುತು ಬೇಡ, ಮೈ.ಗ್ರಾಂ ಅಂತ ಚುಟುಕು ಮಾಡೋದೂ ಬೇಡ, ಸಣ್ಣ ಅಕ್ಷರದಲ್ಲಿ ಮಿ ಮತ್ತು ಮೈ ಕನ್ನಡಕ ಹಾಕೋರಿಗೆ ಬೇರೆ ಬೇರೆ ಕಾಣಲ್ಲ. ಮೈಕ್ರೋಗ್ರಾಂ ಅಂತ ಪೂರ್ತಿ ಹಾಕಿ, ಕನ್ನಡದಲ್ಲಿ ಅದು ಮೂರೇ ಅಕ್ಷರ, ಕಾಲಂ ಏನೂ ತುಂಬಿಹೋಗಲ್ಲ. ಅಮೆರಿಕದಲ್ಲಿ ಔಷಧ ಸುರಕ್ಷತೆ ನೋಡೋ ಸಂಸ್ಥೆ ಡಾಕ್ಟರುಗಳಿಗೇ ಆ ಗುರುತು ಬಳಸ್ಬೇಡಿ, ಎಂಸಿಜಿ ಅಂತ ಬರೀರಿ ಅಂತ ಹೇಳತ್ತೆ, ಇದೇ ಸಾವಿರ ಪಟ್ಟಿನ ಭಯಕ್ಕೆ.

ಆ ಕೆಂಪು ಮಾತ್ರೆ ಸಾಲಿನ ತಿದ್ದುಪಡಿನ ಅದೇ ಆರೋಗ್ಯ ಪುಟದಲ್ಲಿ ದೊಡ್ಡದಾಗೇ ಹಾಕಿ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ನಿಮ್ಮ ಲೇಖನ ಕತ್ತರಿಸಿ ತಮ್ಮ ಫೈಲಲ್ಲಿ ಇಟ್ಕೊಂಡಿದ್ರು, ಮನೆ ಮನೆಗೆ ಹೋದಾಗ ತೋರಿಸೋಕೆ ಅಂತ. ಅದನ್ನ ಇಸ್ಕೊಂಡು ಪೆನ್ನಲ್ಲಿ ತಿದ್ದಿ ಕೊಟ್ಟಿದೀನಿ. ಬೇರೆ ಊರುಗಳಲ್ಲಿ ಹೀಗೇ ಕತ್ತರಿಸಿ ಇಟ್ಕೊಂಡಿರೋರಿಗೆ ನೀವೇ ಹೇಳ್ಬೇಕು.

ಇತಿ,
ಒಬ್ಬ ಡಿಟಿಪಿ ಆಪರೇಟರ್, ತಿಪಟೂರು