ಪೋಲಿತನ ಹೆಚ್ಚಾದದ್ದಲ್ಲ, ಹಾಡು ಕಡಿಮೆಯಾದದ್ದು

ಸಂಪಾದಕರಿಗೆ,

ಮಾನ್ಯರೇ,

'ಎ ಫನ್ನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಂ' ಸಿನಿಮಾ ನೋಡಿದ ಓದುಗರು ಬರೆದ ಪತ್ರಗಳಲ್ಲಿ ಮುಖ್ಯವಾಗಿ ಮೂರು ದೂರುಗಳಿವೆ. ಒಂದು, ಬರೀ ಪೋಲಿ ಮಾತು, ಮನೆಮಂದಿ ಜೊತೆಗೆ ಕೂತು ನೋಡುವಂಥದ್ದಲ್ಲ. ಎರಡು, ಹೆಂಗಸರು ಬೊಂಬೆಗಳ ಹಾಗೆ ಬಂದು ಹೋಗುತ್ತಾರೆ. ಮೂರು, ಇಷ್ಟು ಹೆಸರಾದ ಹಾಸ್ಯ ನಾಟಕದ ಸಿನಿಮಾದಲ್ಲಿ ನಗು ಬರುವ ಮೊದಲೇ ದೃಶ್ಯ ಓಡಿಹೋಗುತ್ತದೆ. ಮೂರೂ ನಿಜ. ಆದರೆ ಬರೆದವರೆಲ್ಲ ಬೈದದ್ದು ಮೂಲ ನಾಟಕವನ್ನು. ಅದು ಸರಿಯಲ್ಲ. ಈ ಮೂರೂ ಹುಟ್ಟಿದ್ದು ರಂಗದಿಂದ ತೆರೆಗೆ ತರುವಾಗ ಹಾಡುಗಳ ಮೇಲೆ ಆಡಿಸಿದ ಕತ್ತರಿಯಿಂದ.

ಮೊದಲು ಲೆಕ್ಕ ನೋಡೋಣ. ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1962ರ ಮೇ 8ರಂದು ಶುರುವಾಗಿ 964 ಪ್ರದರ್ಶನ ಕಂಡಿತು. ಬರೆದವರು ಬರ್ಟ್ ಶೆವೆಲವ್ ಮತ್ತು ಲ್ಯಾರಿ ಗೆಲ್ಬಾರ್ಟ್, ಹಾಡು ಕಟ್ಟಿ ಮಟ್ಟು ಹಾಕಿದವರು ಸ್ಟೀಫನ್ ಸಾಂಡ್‌ಹೈಮ್. ಅದರಲ್ಲಿ ಬೇರೆಬೇರೆ ಹಾಡುಗಳೇ ಹದಿಮೂರರಷ್ಟಿದ್ದವು. 1966ರಲ್ಲಿ ರಿಚರ್ಡ್ ಲೆಸ್ಟರ್ ಮಾಡಿದ ಸಿನಿಮಾದಲ್ಲಿ ಉಳಿದದ್ದು ಐದು: ಆರಂಭದ 'ಕಾಮಿಡಿ ಟುನೈಟ್', ಪ್ರೇಮಿಗಳ 'ಲವ್ಲಿ', ಮನೆಗೆಲಸದವಳೊಬ್ಬಳು ಬೇಕು ಎಂದು ಮುದುಕರು ಹಾಡುವ ಹಾಡು, ಸೇನಾಪತಿಯ ಪ್ರವೇಶದ ಹಾಡು, ಸುಳ್ಳು ಶವಸಂಸ್ಕಾರದ ಹಾಡು. 'ಲವ್ಲಿ' ಇನ್ನೊಂದು ಸಲ ಬರುತ್ತದೆ, ಗಂಡಸು ಹೆಣ್ಣುವೇಷ ಹಾಕಿದಾಗ. ಅಷ್ಟೇ. ಇಡೀ ಸಿನಿಮಾ 99 ನಿಮಿಷ.

ಹೋದ ಹಾಡುಗಳಲ್ಲಿ ಅತಿ ದೊಡ್ಡ ನಷ್ಟ 'ಫ್ರೀ'. ಕಥೆ ನಡೆಯುವುದು ಪ್ರಾಚೀನ ರೋಮಿನಲ್ಲಿ; ನಾಯಕ ಸ್ಯೂಡೋಲಸ್ ಒಬ್ಬ ಗುಲಾಮ. ಯಜಮಾನನ ಮಗನಿಗೆ ಪಕ್ಕದ ಸೂಳೆಮನೆಯಲ್ಲಿರುವ ಫಿಲಿಯಾ ಎಂಬ ಹುಡುಗಿಯ ಮೇಲೆ ಮನಸ್ಸು; ಅವಳನ್ನು ಆಗಲೇ ಒಬ್ಬ ಸೇನಾಪತಿಗೆ ಮಾರಿಯಾಗಿದೆ. ಹುಡುಗಿಯನ್ನು ನಿನಗೆ ದಕ್ಕಿಸುತ್ತೇನೆ, ನನ್ನನ್ನು ಬಿಟ್ಟುಬಿಡು ಎಂಬುದು ಗುಲಾಮನ ಕರಾರು. ನಾಟಕದಲ್ಲಿ ಈ ಮಾತು ಮುಗಿಯುತ್ತಿದ್ದಂತೆ ಹಾಡು. ಬಿಡುಗಡೆಯಾದ ಮೇಲೆ ಏನೇನು ಮಾಡಬಹುದು ಎಂದು ಅವನು ಕನಸು ಕಟ್ಟುತ್ತಾ ಹೋಗಿ, ಕೊನೆಗೆ ಆ ಒಂದು ಪದದ ಅಕ್ಷರಗಳನ್ನು ಬಿಡಿಬಿಡಿಯಾಗಿ ಬಾಯಲ್ಲಿ ಸವಿಯುತ್ತಾನೆ. ಅಲ್ಲಿಂದಾಚೆ ಅವನು ಆಡುವ ಪ್ರತಿ ಸುಳ್ಳಿಗೂ ಪ್ರತಿ ಪೋಲಿ ಮಾತಿಗೂ ಬೆನ್ನೆಲುಬು ಆ ಹಾಡು. ಸಭೆ ಅವನ ಕಡೆಗೆ ವಾಲಿಬಿಟ್ಟಿರುತ್ತದೆ. ಸಿನಿಮಾದಲ್ಲಿ ಕರಾರು ಮಾತಿನಲ್ಲೇ ಮುಗಿದುಹೋಗುವುದರಿಂದ ಸ್ಯೂಡೋಲಸ್ ಬರೀ ತಲೆಹಿಡುಕನ ಹಾಗೆ ಕಾಣುತ್ತಾನೆ. ಪೋಲಿ ಮಾತು ಅಷ್ಟೇ ಇದೆ, ಒಂದು ಹಿಡಿ ಹೆಚ್ಚಾಗಿಲ್ಲ. ಅದನ್ನು ಹೊತ್ತುಕೊಂಡಿದ್ದ ಹಸಿವು ಹೋಯಿತು.

ಇದು ಹೊರಗಿನವರ ವಿಷಯ ಎಂದು ಬಿಡಬೇಕಾಗಿಲ್ಲ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯನ್ನು ಬಿ.ವಿ. ಕಾರಂತರು 1972ರಲ್ಲಿ ಆಡಿಸಿದರು. ಅದರಲ್ಲಿ ಪಡವಲಕಾಯಿ ಏನನ್ನು ಸೂಚಿಸುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ನಾಟಕವನ್ನು ಪೋಲಿ ಎಂದು ಪಕ್ಕಕ್ಕಿಟ್ಟವರು ಕಡಿಮೆ, ಏಕೆಂದರೆ ಗೌಡತಿಯ ಬಸಿರಿನ ಜೊತೆಗೇ ಹೊಲ ಯಾರದು, ಉತ್ತವನದೋ ಪಟ್ಟಾ ಇರುವವನದೋ ಎಂಬ ಪ್ರಶ್ನೆ ಹೆಣೆದುಕೊಂಡಿದೆ. ಅದರ ಹಾಡುಗಳನ್ನು ತೆಗೆದು ಬರೀ ಮಾತು ಉಳಿಸಿ ನೋಡಿ, ಏನಾಗುತ್ತದೆಂದು ತಿಳಿಯುತ್ತದೆ.

ಹೆಂಗಸರ ವಿಷಯದಲ್ಲಿ ದೂರು ಇನ್ನೂ ನ್ಯಾಯವಾದದ್ದು. ಮೂಲದಲ್ಲಿ ಹೆಂಗಸರಿಗೆಂದೇ ಎರಡು ಹಾಡುಗಳಿದ್ದವು. ಯಜಮಾನನ ಹೆಂಡತಿ ಡಾಮಿನಾ ಊರಿಂದ ಬೇಗ ಹಿಂತಿರುಗಿ, ಗಂಡನ ಚಾಳಿ ನೆನೆದು ಬೈಯುತ್ತಲೇ ಅವನಿಗಾಗಿ ಹಂಬಲಿಸುವುದು 'ದಟ್ ಡರ್ಟಿ ಓಲ್ಡ್ ಮ್ಯಾನ್'. ಇನ್ನೊಂದು ಫಿಲಿಯಾಳದು, 'ದಟ್ಲ್ ಶೋ ಹಿಮ್'. ನನ್ನನ್ನು ಕೊಂಡ ಸೇನಾಪತಿಯ ತೋಳಿನಲ್ಲಿದ್ದಾಗಲೂ ನಿನ್ನನ್ನೇ ನೆನೆಯುತ್ತೇನೆ, ಅವನಿಗೆ ಅದೇ ಶಾಸ್ತಿ ಎಂದು ಮುಗ್ಧ ಮುಖದಲ್ಲಿ ಹೇಳುವ ಹಾಡು. ಇಡೀ ನಾಟಕದಲ್ಲಿ ಇದಕ್ಕಿಂತ ತುಂಟ ಹಾಡು ಇನ್ನೊಂದಿಲ್ಲ, ಅದು ಬರುವುದು ಏನೂ ತಿಳಿಯದ ಹುಡುಗಿಯ ಬಾಯಲ್ಲಿ. ಸಿನಿಮಾದಲ್ಲಿ ಎರಡನ್ನೂ ತೆಗೆದರು. ಮುದುಕರ ಹಾಡನ್ನು ಉಳಿಸಿಕೊಂಡರು. ನಮ್ಮ ಕಡೆಯ ಮದುವೆಗಳಲ್ಲಿ ಬೀಗರ ಪದ ಹಾಡುವುದನ್ನು ಕೇಳಿದವರಿಗೆ ಇದರ ಪರಿಣಾಮ ಗೊತ್ತಾಗುತ್ತದೆ. ಅಲ್ಲಿ ಬೈಗುಳಕ್ಕೆ ಮಿತಿಯಿಲ್ಲ, ಆದರೆ ಗಂಡಿನ ಕಡೆಯವರು ಹಾಡಿದರೆ ಹೆಣ್ಣಿನ ಕಡೆಯವರು ಎದುರು ಹಾಡುತ್ತಾರೆ. ಎದುರುತ್ತರ ಇರುವವರೆಗೆ ಅದು ಸರಸ. ಒಂದು ಕಡೆಯವರ ಬಾಯಿ ಕಟ್ಟಿದರೆ ಅದೇ ಪದ ಅವಮಾನ. ಲೆಸ್ಟರ್ ಸಿನಿಮಾದಲ್ಲಿ ಆಗಿರುವುದು ಅದೇ.

ಇನ್ನು ನಗು. ಪ್ರಹಸನದಲ್ಲಿ ಹಾಡಿಗೆ ಇನ್ನೊಂದು ಕೆಲಸವಿದೆ, ಉಸಿರು ತೆಗೆದುಕೊಳ್ಳಲು ಬಿಡುವುದು. ಸುಳ್ಳಿನ ಮೇಲೆ ಸುಳ್ಳು ಏರುತ್ತಾ ಹೋದಂತೆ ಪ್ರೇಕ್ಷಕ ಯಾರು ಯಾರಿಗೆ ಏನು ಹೇಳಿದ್ದಾರೆ ಎಂದು ನೆನಪಿಟ್ಟುಕೊಳ್ಳಬೇಕು. ಎಂಟು ಹತ್ತು ನಿಮಿಷಕ್ಕೊಂದು ಹಾಡು ಬಂದರೆ ಆ ಲೆಕ್ಕ ಮನಸ್ಸಿನಲ್ಲಿ ಕೂರುತ್ತದೆ. ಅದೇ ಮನೆಯ ಇನ್ನೊಬ್ಬ ಗುಲಾಮ ಹಿಸ್ಟೀರಿಯಂ ಗಾಬರಿಗೊಂಡು ನಾನು ಶಾಂತ, ನಾನು ಶಾಂತ ಎಂದು ನಡುಗುವ 'ಐ ಆಮ್ ಕಾಮ್', ಅಪ್ಪ ಮಗ ಒಬ್ಬರನ್ನೊಬ್ಬರು ಅನುಮಾನಿಸುವ 'ಇಂಪಾಸಿಬಲ್', ಎರಡೂ ಇಂಥ ಜಾಗಗಳಲ್ಲಿದ್ದವು. ತೆಗೆದ ಮೇಲೆ ಉಳಿದದ್ದು ಓಟ. ಅದಕ್ಕೆ ಲೆಸ್ಟರ್ ಅವರ ಕತ್ತರಿ ವೇಗವೂ ಸೇರಿತು. ಇವರು 1964ರಲ್ಲಿ ಬೀಟಲ್ಸ್ ತಂಡದ 'ಎ ಹಾರ್ಡ್ ಡೇಸ್ ನೈಟ್' ಮಾಡಿದ್ದವರು. ಆ ಚುರುಕು ಅಲ್ಲಿ ಒಪ್ಪಿತ್ತು.

ರಂಗದ ಮೇಲೆ ನಗುವಿನ ನಿಯಮ ಸರಳ. ನಗು ಏರುತ್ತಿರುವಾಗ ನಟ ಬಾಯಿ ತೆರೆಯಬಾರದು. ತುದಿ ಮುಟ್ಟಿ ಇಳಿಯತೊಡಗಿದಾಗ ಮುಂದಿನ ಮಾತು ಎತ್ತಬೇಕು. ಪೂರ್ತಿ ನಿಲ್ಲುವವರೆಗೆ ಕಾದರೆ ಸಭೆ ತಣ್ಣಗಾಗುತ್ತದೆ. ಇದನ್ನು ನಟ ಪ್ರತಿ ರಾತ್ರಿ ಕಿವಿಯಿಂದ ಅಳೆಯುತ್ತಾನೆ. ಸಿನಿಮಾದಲ್ಲಿ ಸಂಕಲನಕಾರ ಒಮ್ಮೆ ಊಹಿಸಿ ಕತ್ತರಿಸುತ್ತಾನೆ, ಆಮೇಲೆ ಬದಲಿಸುವಂತಿಲ್ಲ. ತುಂಬಿದ ಸಭಾಂಗಣದಲ್ಲಿ ಎರಡನೇ ಮಾತು ನಗುವಿನಲ್ಲಿ ಮುಚ್ಚಿಹೋಗುತ್ತದೆ, ಮನೆಯಲ್ಲಿ ಒಬ್ಬರೇ ಮೊಬೈಲಿನಲ್ಲಿ ನೋಡಿದರೆ ಅದೇ ಜಾಗ ಖಾಲಿ ಹೊಡೆಯುತ್ತದೆ. ಮಾತಿನ ನಂತರ ಕೇಳಿಸಿಕೊಂಡವನ ಮುಖವನ್ನು ಒಂದೆರಡು ಸೆಕೆಂಡು ತೋರಿಸುವುದು ಇದಕ್ಕೆ ಹಳೆಯ ಉಪಾಯ. ಸ್ಯೂಡೋಲಸ್ ಪಾತ್ರದ ಝೀರೋ ಮೋಸ್ಟೆಲ್, ಹಿಸ್ಟೀರಿಯಂ ಪಾತ್ರದ ಜ್ಯಾಕ್ ಗಿಲ್ಫರ್ಡ್ ಇಬ್ಬರೂ ರಂಗದಲ್ಲಿ ಅದೇ ಪಾತ್ರ ಮಾಡಿದ್ದವರು, ಇಬ್ಬರ ಮುಖವೂ ಆ ಎರಡು ಸೆಕೆಂಡು ಸಿಕ್ಕಿದ್ದರೆ ಸಾಕಿತ್ತು.

ಮುದುಕರ ಹಾಡನ್ನು ಮಾತ್ರ ಲೆಸ್ಟರ್ ಚೆನ್ನಾಗಿ ನಿಭಾಯಿಸಿದ್ದಾರೆ, ಅದನ್ನು ಹೇಳದಿದ್ದರೆ ಅನ್ಯಾಯ. ರಂಗದಲ್ಲಿ ಇಬ್ಬರು ಹಾಡಿ ಮುಗಿಸುತ್ತಾರೆ, ಮೂರನೆಯವನು ಬಂದು ಸೇರುತ್ತಾನೆ, ಮತ್ತೆ ಹಾಡು. ನಾಲ್ಕನೆಯವನು ಬರುತ್ತಾನೆ, ಮತ್ತೆ ಹಾಡು. ನಮ್ಮ ಕಂಪನಿ ನಾಟಕಗಳಲ್ಲಿ ಸಭೆ 'ವನ್ಸ್ ಮೋರ್' ಕೂಗಿ ಹಾಡಿಸುತ್ತಿತ್ತಲ್ಲ, ಅದನ್ನು ಬರವಣಿಗೆಯಲ್ಲೇ ಸೇರಿಸಿದ ಹಾಗೆ. ತೆರೆಗೆ ವನ್ಸ್ ಮೋರ್ ಕೇಳಿಸದು. ಅದಕ್ಕೆ ಅವರು ಜಾಗ ಬದಲಿಸುತ್ತಾ ಹೋದರು. ಸಾಲು ಅದೇ, ನಿಂತ ಜಾಗ ಬೇರೆ. ಮರುಹಾಡು ಬೇಸರವಾಗಲಿಲ್ಲ.

ಆದರೆ ಕೊನೆಯ ರಥದ ಓಟದಲ್ಲಿ ಎಡವಿದ್ದಾರೆ. ನಾಟಕ ನಡೆಯುವುದು ಒಂದೇ ಬೀದಿಯಲ್ಲಿ, ಮೂರು ಮನೆ ಬಾಗಿಲುಗಳ ಮುಂದೆ: ಯಜಮಾನ ಸೆನೆಕ್ಸನದು, ಲೈಕಸನ ಸೂಳೆಮನೆ, ಮಕ್ಕಳನ್ನು ಹುಡುಕಿ ಹೋದ ಮುದುಕ ಎರೋನಿಯಸನ ಖಾಲಿ ಮನೆ. ಒಂದು ಬಾಗಿಲು ಮುಚ್ಚುವಷ್ಟರಲ್ಲಿ ಇನ್ನೊಂದು ತೆರೆಯುತ್ತದೆ. ಯಾರೂ ಆ ಬೀದಿ ಬಿಟ್ಟು ಹೋಗುವಂತಿಲ್ಲ ಎಂಬುದೇ ಪ್ರಾಣ. ಕೊನೆಯಲ್ಲಿ ಫಿಲಿಯಾ, ಡಾಮಿನಾ, ಹೆಣ್ಣುವೇಷದ ಹಿಸ್ಟೀರಿಯಂ ಮೂವರೂ ಒಂದೇ ಬಗೆಯ ಉಡುಪಿನಲ್ಲಿ ಅದೇ ಬಾಗಿಲುಗಳಲ್ಲಿ ನುಗ್ಗುತ್ತಾರೆ, ಯಾರು ಯಾರ ಕೈ ಹಿಡಿದರೂ ತಪ್ಪೇ. ಬಯಲಿನಲ್ಲಿ ಕುದುರೆ ಓಡಿಸಿದರೆ ಬಾಗಿಲೂ ಇಲ್ಲ, ಸಿಕ್ಕಿಬೀಳುವ ಭಯವೂ ಇಲ್ಲ. ಧೂಳು ಬೇಕಾದಷ್ಟಿದೆ. ಎರೋನಿಯಸ್ ಪಾತ್ರದ ಬಸ್ಟರ್ ಕೀಟನ್ ರೋಮಿನ ಏಳು ಗುಡ್ಡಗಳನ್ನು ಏಳು ಸುತ್ತು ಸುತ್ತುತ್ತಾ ಆಗಾಗ ಹಾದುಹೋಗುವುದು ಇದಕ್ಕಿಂತ ಎಷ್ಟೋ ಮೇಲು. ಕೀಟನ್ 1966ರ ಫೆಬ್ರುವರಿಯಲ್ಲೇ ತೀರಿಕೊಂಡರು, ಸಿನಿಮಾ ಬಿಡುಗಡೆಯಾಗುವ ಮೊದಲು.

ಸಿನಿಮಾಕ್ಕೆ ಸಂಗೀತದ ಅಳವಡಿಕೆಗಾಗಿ ಕೆನ್ ಥಾರ್ನ್ ಅವರಿಗೆ ಆಸ್ಕರ್ ಬಂತು. ಎಂಟು ಹಾಡು ಕಳೆದುಕೊಂಡ ಸಂಗೀತನಾಟಕಕ್ಕೆ ಸಂಗೀತದ ಬಹುಮಾನ. ಇತ್ತ ರಂಗಪ್ರಯೋಗಕ್ಕೆ 1963ರಲ್ಲಿ ಅಮೆರಿಕದ ರಂಗಭೂಮಿಗೆ ಕೊಡುವ ಟೋನಿ ಪ್ರಶಸ್ತಿ ಆರು ಬಂದಾಗ ಸಾಂಡ್‌ಹೈಮ್ ಅವರ ಹಾಡುಗಳಿಗೆ ನಾಮನಿರ್ದೇಶನವೂ ಸಿಗಲಿಲ್ಲ. ಎರಡು ಸಲವೂ ಹಾಡು ಕಟ್ಟಿದವರಿಗೆ ನ್ಯಾಯ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಆರಂಭದ ಹಾಡಿನ ಬಗ್ಗೆಯೂ ಒಂದು ಮಾತು. ಬ್ರಾಡ್‌ವೇಗೆ ಬರುವ ಮುನ್ನ ಬೇರೆ ಊರುಗಳಲ್ಲಿ ಆಡಿದಾಗ ನಾಟಕ ಸಪ್ಪೆಯಾಗಿತ್ತು. ಆಗ ಮೊದಲ ಹಾಡು ಪ್ರೇಮದ ನವಿರಾದ ಹಾಡು. ಸಭೆ ಕೋಮಲವಾದದ್ದೇನೋ ಬರುತ್ತದೆ ಎಂದು ಕೂತಿರುತ್ತಿತ್ತು, ಬಂದದ್ದು ಪೋಲಿ ಪ್ರಹಸನ. ನೃತ್ಯ ನಿರ್ದೇಶಕ ಜೆರೋಮ್ ರಾಬಿನ್ಸ್ ಬಂದು ನೋಡಿ, ಈ ರಾತ್ರಿ ಎಂಥದ್ದು ಎಂದು ಮೊದಲೇ ಹೇಳಿಬಿಡಿ ಎಂದರು. 'ಕಾಮಿಡಿ ಟುನೈಟ್' ಹುಟ್ಟಿದ್ದು ಹಾಗೆ, ಅದೊಂದೇ ಬದಲಾವಣೆಯಿಂದ ನಾಟಕ ಎದ್ದು ನಿಂತಿತು. ನಮ್ಮ ಮೂಡಲಪಾಯ ಬಯಲಾಟದಲ್ಲಿ ಕೋಡಂಗಿ ಮೊದಲೇ ಬಂದು ಸಭೆಯನ್ನು ಹದ ಮಾಡುವುದು ಇದೇ ಕೆಲಸಕ್ಕೆ.

ಮನೆಮಂದಿಗೆ ಮುಜುಗರವಾಯಿತು ಎಂದವರ ಮಾತಿಗೂ ಇಲ್ಲೇ ಉತ್ತರವಿದೆ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಇಂಥ ಸಿನಿಮಾ ತೋರಿಸುವವರು ಕರಪತ್ರದಲ್ಲಿ 'ಸೂಳೆಮನೆಯ ಸುತ್ತ ನಡೆಯುವ ಪ್ರಹಸನ, ದೊಡ್ಡವರಿಗೆ' ಎಂದು ಒಂದು ಸಾಲು ಹಾಕಬೇಕು. ತೆರೆಯ ಕೆಳಗೆ ಕನ್ನಡದ ಸಾಲು ಹಾಕುವವರು ಎರಡು ಸಾಲಿಗಿಂತ ಹೆಚ್ಚು ತುಂಬಬಾರದು. ಮುಖ್ಯವಾಗಿ, ನಗಿಸುವ ಪದವನ್ನು ನಟ ಆಡುವ ಮೊದಲೇ ತೋರಿಸಬಾರದು. ಓದುವ ಕಣ್ಣು ಕೇಳುವ ಕಿವಿಗಿಂತ ಮುಂದಿರುತ್ತದೆ, ಸಭೆ ಮೊದಲೇ ನಕ್ಕು ನಟನ ಮಾತು ಪೋಲಾಗುತ್ತದೆ. ಸಾಲನ್ನು ಎರಡಾಗಿ ಒಡೆದು, ಕೊನೆಯ ತುಂಡನ್ನು ನಟನ ಬಾಯಿ ತೆರೆದಾಗಲೇ ತರಬೇಕು. ಹಾಡಿನ ಪ್ರಾಸವನ್ನು ತೆರೆಯ ಮೇಲೆ ಅನುವಾದಿಸಲು ಹೋಗದೆ ಅರ್ಥವನ್ನಷ್ಟೇ ಕೊಟ್ಟರೆ ಸಾಕು.

ಇನ್ನೊಂದು ಸಲ ನೋಡುವವರಿಗೆ: 1962ರ ಮೂಲ ನಟರೇ ಹಾಡಿದ ಧ್ವನಿಮುದ್ರಿಕೆ ಇದೆ. ಗುಲಾಮನ ಕರಾರು ಮುಗಿದ ಕೂಡಲೇ ಸಿನಿಮಾ ನಿಲ್ಲಿಸಿ 'ಫ್ರೀ' ಕೇಳಿ, ಮುಂದಕ್ಕೆ ಹೋಗಿ. ಡಾಮಿನಾ ಊರಿಂದ ಬಂದಾಗ ಅವಳ ಹಾಡು ಹಾಕಿ. ಸಿನಿಮಾ ಬೇರೆಯೇ ಆಗಿ ಕಾಣುತ್ತದೆ.

ಈ ನಾಟಕವನ್ನು ಕನ್ನಡಕ್ಕೆ ತರಬೇಕೆನ್ನುವ ಹವ್ಯಾಸಿ ತಂಡಗಳಿಗೂ ಒಂದು ಮಾತಿದೆ. ರೋಮ್ ಬೇಕಾಗಿಲ್ಲ. ಕ್ರಿ.ಪೂ. 191ರಲ್ಲಿ 'ಸ್ಯೂಡೋಲಸ್' ಆಡಿಸಿದ ರೋಮಿನ ನಾಟಕಕಾರ ಪ್ಲಾಟಸ್ ಕೂಡ ಗ್ರೀಕರ ನಾಟಕಗಳನ್ನು ತನ್ನ ಊರಿಗೆ ಒಗ್ಗಿಸಿಕೊಂಡವನೇ. ಜೀತಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಅದಕ್ಕೆ ಹಿಂದಿನ ಒಂದು ಬೀದಿ, ಮೂರು ಬಾಗಿಲು, ಒಬ್ಬ ಜೀತದಾಳು ಸಾಕು. ಬಾಗಿಲುಗಳು ಗಟ್ಟಿ ಚೌಕಟ್ಟಿನವಾಗಿರಲಿ, ಬಟ್ಟೆಯ ಪರದೆಗೆ ಬಡಿಯುವ ಸದ್ದಿಲ್ಲ, ಸದ್ದಿಲ್ಲದಿದ್ದರೆ ನಗುವಿಲ್ಲ. 'ಫ್ರೀ' ಹಾಡಿನಲ್ಲಿ 'ಸ್ವಾತಂತ್ರ್ಯ' ಎಂಬ ಪದ ಬೇಡ. ಎರಡು ಗುರು, ಕೊನೆಗೆ ಒತ್ತಕ್ಷರ, ಐದು ಮಾತ್ರೆ. ಜೀತದಾಳಿನ ಬಾಯಲ್ಲಿ ತೊಡರುತ್ತದೆ. 'ಬಿಡುಗಡೆ' ಇದೆ. ನಾಲ್ಕೂ ಲಘು, ನಾಲ್ಕು ಮಾತ್ರೆ, ನಾಲ್ಕರ ಎಣಿಕೆಯ ಚತುರಶ್ರ ನಡೆಗೆ ಸರಿಯಾಗಿ ಕೂರುತ್ತದೆ. ಮೂಲದ ಪದಕ್ಕೂ ಇಂಗ್ಲಿಷಿನಲ್ಲಿ (F-R-E-E) ನಾಲ್ಕೇ ಅಕ್ಷರ. ಬಿ, ಡು, ಗ, ಡೆ ಎಂದು ಒಂದೊಂದು ಪೆಟ್ಟಿಗೆ ಒಂದೊಂದು ಅಕ್ಷರ ಬಿಡಿಸಿ ಹಾಡಿಸಬಹುದು.

ಇಂತಿ,
ರಂಗಸಂಗೀತದ ಓದುಗ
ಹಾಸನ