ಎಕ್ಸ್‌ಟ್ರಾಕ್ಷನ್ ಮೋಡ್‌ಗಳನ್ನು ಮುಚ್ಚದಿರಲಿ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಮಕ್ಕಳ ಮೊಬೈಲ್ ಚಟ, ಹಣ ಕಟ್ಟಿ ಆಡುವ ಆಟಗಳಿಂದ ಹಾಳಾದ ಮನೆಗಳು ಮತ್ತು 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಸುತ್ತಲೇ ಇರುತ್ತವೆ. ಆ ಕಾಳಜಿ ನನಗೂ ಇದೆ. ಆದರೆ ಹಣ ಕಟ್ಟದೆ, ಕೆಲಸ ಮುಗಿಸಿದ ಮೇಲೆ ಗೆಳೆಯರೊಂದಿಗೆ ಒಂದೆರಡು ಗಂಟೆ ಶೂಟರ್ ಆಟ ಆಡುವ ನನ್ನಂಥವರಿಗೂ ಒಂದು ಅಹವಾಲಿದೆ. ಅದನ್ನು ಹೇಳಿಕೊಳ್ಳಲು ಕನ್ನಡದಲ್ಲಿ ಬೇರೆ ಜಾಗ ಕಾಣದೆ ಈ ಪತ್ರ ಬರೆಯುತ್ತಿದ್ದೇನೆ.

ಶೂಟರ್ ಆಟಗಳಲ್ಲಿ ಎಕ್ಸ್‌ಟ್ರಾಕ್ಷನ್ ಮೋಡ್ ಎಂಬ ಒಂದು ಬಗೆಯಿದೆ. ನಮ್ಮದೇ ಬಂದೂಕು, ಔಷಧಿ, ಚೀಲಗಳನ್ನು ಕಟ್ಟಿಕೊಂಡು ಮ್ಯಾಪ್‌ಗೆ, ಅಂದರೆ ಆಟದ ಬಯಲಿಗೆ, ಇಳಿಯಬೇಕು, ಅಲ್ಲಿ ಸಿಕ್ಕ ಸಾಮಾನನ್ನು ಚೀಲಕ್ಕೆ ತುಂಬಿಕೊಳ್ಳಬೇಕು, ಸಮಯ ಮುಗಿಯುವುದರೊಳಗೆ ಗೊತ್ತುಪಡಿಸಿದ ಜಾಗಕ್ಕೆ ತಲುಪಿ ಜೀವಂತ ಹೊರಬರಬೇಕು. ದಾರಿಯಲ್ಲಿ ಸತ್ತರೆ ಗಳಿಸಿದ್ದೂ ಹೋಗುತ್ತದೆ, ಹೆಚ್ಚಿನ ಆಟಗಳಲ್ಲಿ ಒಯ್ದದ್ದೂ ಹೋಗುತ್ತದೆ. ಎಷ್ಟು ಜನರನ್ನು ಹೊಡೆದೆವು ಎಂಬುದು ಇಲ್ಲಿ ಮುಖ್ಯವಲ್ಲ. ಚೌಕಾಬಾರ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಾಳಿಯ ಕಾಯಿಗಳನ್ನು ಎಷ್ಟು ಹೊಡೆದರೂ ನಮ್ಮ ಕಾಯಿ ಸುತ್ತು ಮುಗಿಸಿ ನಡುಮನೆ ಸೇರಿ ಹಣ್ಣಾಗದಿದ್ದರೆ ಆಟ ನಮ್ಮದಾಗುವುದಿಲ್ಲ, ಹಣ್ಣಾಗಲು ಒಂದೇ ಮನೆ ಉಳಿದಾಗ ಎದೆ ಹೊಡೆದುಕೊಳ್ಳುವ ರೀತಿಯೂ ಬೇರೆಯೇ. ನೂರು ಜನ ಇಳಿದು ಕೊನೆಗೆ ಒಂದೇ ತಂಡ ಉಳಿಯುವ ಬ್ಯಾಟಲ್ ರಾಯಲ್‌ನಲ್ಲಾಗಲಿ, ಸತ್ತ ಮರುಕ್ಷಣವೇ ಎದ್ದು ಬರುವ ಸಾಮಾನ್ಯ ಮ್ಯಾಚ್‌ಗಳಲ್ಲಾಗಲಿ ಈ ಅನುಭವ ಸಿಗುವುದಿಲ್ಲ. ಇಲ್ಲಿ ಪ್ರತಿ ನಿಮಿಷವೂ ‘ಇನ್ನೊಂದು ಕಟ್ಟಡ ಹುಡುಕೋಣವೇ, ಸಾಕೆಂದು ಹೊರಡೋಣವೇ’ ಎಂದು ಮೂವರೂ ಮಾತಾಡಿಕೊಂಡೇ ನಿರ್ಧರಿಸಬೇಕು.

ಮೂವರು ಎಂದರೆ ನಾನು, ಬೀದರ್‌ನಲ್ಲಿರುವ ನನ್ನ ಕಾಕಾನ ಮಗ ಮತ್ತು ಶಹಾಪುರದ ಒಬ್ಬ ಗೆಳೆಯ. ಅಂಗಡಿ, ಆಫೀಸು ಮುಗಿದು ಊಟವಾದ ಮೇಲೆ ರಾತ್ರಿ ಹತ್ತರ ಸುಮಾರಿಗೆ ಸೇರುತ್ತೇವೆ. ಬೇಸಿಗೆಯಲ್ಲಿ ಆಟದ ನಡುವೆ ಕರೆಂಟ್ ಹೋಗಿ ವಾರವಿಡೀ ಕೂಡಿಸಿದ ಸಾಮಾನು ಒಂದೇ ಏಟಿಗೆ ಹೋದದ್ದೂ ಉಂಟು, ಆದರೂ ಈ ಮೋಡ್ ಬಿಟ್ಟು ಬೇರೆಯದಕ್ಕೆ ಹೋಗಲು ಮನಸ್ಸಾಗಿಲ್ಲ. ಕಾಲ್ ಆಫ್ ಡ್ಯೂಟಿ ಆಟದ ಡಿಎಂಜೆಡ್ ಎಂಬ ಎಕ್ಸ್‌ಟ್ರಾಕ್ಷನ್ ಮೋಡ್‌ನಲ್ಲಿ ಹತ್ತಿರವಿದ್ದ ಎದುರಾಳಿಗಳಿಗೆ ನಮ್ಮ ಧ್ವನಿ ಕೇಳಿಸುತ್ತಿತ್ತು, ಒಪ್ಪಿದರೆ ಅವರೂ ನಮ್ಮ ತಂಡ ಸೇರಬಹುದಿತ್ತು. ಮೊದಮೊದಲು ಹೀಗೆ ಆರು ಜನರವರೆಗೆ ಕೂಡಲು ಅವಕಾಶವಿತ್ತು. ಒಂದು ರಾತ್ರಿ ನಾವು ಮೂವರೂ ನೆಲಕ್ಕುರುಳಿದ್ದಾಗ ನಮ್ಮ ಮಾತು ಕೇಳಿ, ‘ನೀವು ಕನ್ನಡದವರೇನು?’ ಎಂದು ವಿಜಯಪುರದ ಹುಡುಗನೊಬ್ಬ ಕೇಳಿದ. ಗುಂಡು ಹಾರಿಸುವ ಬದಲು ನಮ್ಮನ್ನು ಎಬ್ಬಿಸಿ ಹೆಲಿಕಾಪ್ಟರ್‌ವರೆಗೆ ಕರೆದುಕೊಂಡು ಹೋದ. ಶೂಟರ್ ಆಟಗಳು ಕೊಲ್ಲುವುದನ್ನಷ್ಟೇ ಕಲಿಸುತ್ತವೆ ಎನ್ನುವವರಿಗೆ ನಾನು ಈ ಘಟನೆಯನ್ನೇ ಹೇಳುತ್ತೇನೆ.

ಆ ಡಿಎಂಜೆಡ್ ಬಂದದ್ದು 2022ರ ನವೆಂಬರ್‌ನಲ್ಲಿ, ಅದೂ ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಎಂಬ ಹೆಸರಿನಲ್ಲಿ. ವರ್ಷ ಕಳೆಯುವಷ್ಟರಲ್ಲಿ, 2023ರ ಕೊನೆಗೆ, ಹೊಸ ಮ್ಯಾಪ್, ಹೊಸ ಮಿಷನ್‌ಗಳನ್ನು ಕೊಡುವುದು ನಿಂತಿತು. ಬ್ಯಾಟಲ್‌ಫೀಲ್ಡ್ 2042 ಎಂಬ ಆಟದ ಹಜಾರ್ಡ್ ಜೋನ್ ಮೋಡ್‌ನ ಆಯುಸ್ಸು ಇನ್ನೂ ಕಡಿಮೆ. 2021ರ ನವೆಂಬರ್‌ನಲ್ಲಿ ಆಟದ ಜೊತೆಗೇ ಬಂದ ಈ ಮೋಡ್‌ನ ಮೇಲೆ ಇನ್ನು ಕೆಲಸ ಮುಂದುವರಿಸುವುದಿಲ್ಲವೆಂದು ತಯಾರಕರು 2022ರ ಮಧ್ಯದಲ್ಲೇ ತಿಳಿಸಿದರು. ದಿ ಸೈಕಲ್: ಫ್ರಾಂಟಿಯರ್ ಎಂಬ ಆಟವಂತೂ 2022ರ ಜೂನ್‌ನಲ್ಲಿ ಬಿಡುಗಡೆಯಾಗಿ 2023ರ ಸೆಪ್ಟೆಂಬರ್‌ನಲ್ಲಿ ಸರ್ವರ್ ಸಮೇತ ಮುಚ್ಚಿಹೋಯಿತು.

ಕಂಪನಿಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆಡುವವರು ಹಲವು ಮೋಡ್‌ಗಳಿಗೆ ಹಂಚಿಹೋದರೆ ಪ್ರತಿಯೊಂದರಲ್ಲೂ ಮ್ಯಾಚ್ ಸಿಗುವುದು ತಡವಾಗುತ್ತದೆ, ಸರ್ವರ್‌ಗಳ ಖರ್ಚು ಮಾತ್ರ ನಿಲ್ಲುವುದಿಲ್ಲ. ಇದರ ಪೆಟ್ಟು ಮೊದಲು ಬೀಳುವುದೂ ನಮಗೇ. ಮುಂಬೈ ಸರ್ವರ್‌ನಲ್ಲಿ ಸಾಕಷ್ಟು ಜನರಿಲ್ಲದಿದ್ದರೆ ಆಟ ನಮ್ಮನ್ನು ಸಿಂಗಪುರಕ್ಕೋ ಅದಕ್ಕಿಂತ ದೂರಕ್ಕೋ ಜೋಡಿಸುತ್ತದೆ, ಪಿಂಗ್, ಅಂದರೆ ನಮ್ಮ ಸಂಕೇತ ಸರ್ವರ್‌ಗೆ ಹೋಗಿ ಬರುವ ಸಮಯ, ಏರುತ್ತದೆ, ನಾವು ಗುರಿಯಿಟ್ಟ ಮನುಷ್ಯ ಆ ಹೊತ್ತಿಗಾಗಲೇ ಗೋಡೆಯಾಚೆ ಇರುತ್ತಾನೆ. ಹೀಗೆ ಬೇಸತ್ತು ಇನ್ನಷ್ಟು ಜನ ಬಿಟ್ಟುಹೋಗುತ್ತಾರೆ, ಆಮೇಲೆ ‘ಆಡುವವರಿಲ್ಲ’ ಎಂಬ ಕಾರಣ ಕೊಟ್ಟು ಮೋಡ್ ಮುಚ್ಚಲಾಗುತ್ತದೆ. ಆದರೆ ಹೊಸ ಮಿಷನ್ ನಿಲ್ಲಿಸಿ, ದೋಷಗಳನ್ನು ತಿದ್ದದೆ, ಮೆನುವಿನ ಮೂಲೆಗೆ ತಳ್ಳಿದ ಮೇಲೆ ಜನ ಕಡಿಮೆಯಾದರು ಎನ್ನುವುದು ನ್ಯಾಯದ ಲೆಕ್ಕವಲ್ಲ.

ಈ ಬಗೆಯ ಆಟ ಬೇರೂರಲು ಸಮಯ ಬೇಕು. ಎಸ್ಕೇಪ್ ಫ್ರಮ್ ಟಾರ್ಕೊವ್ 2017ರಲ್ಲಿ ಕ್ಲೋಸ್ಡ್ ಬೀಟಾ (ಎಲ್ಲರಿಗೂ ತೆರೆಯದ ಪರೀಕ್ಷಾ ಆವೃತ್ತಿ) ಆಗಿ ಶುರುವಾಯಿತು, ಅದರ 1.0, ಅಂದರೆ ಪೂರ್ಣ ಆವೃತ್ತಿ, ಬಂದದ್ದು 2025ರ ನವೆಂಬರ್‌ನಲ್ಲಿ. ನಡುವಿನ ಎಂಟು ವರ್ಷ ಆಟಗಾರರೇ ಅದನ್ನು ಹಿಡಿದು ನಿಲ್ಲಿಸಿದರು. ಹಂಟ್: ಶೋಡೌನ್ 2018ರಿಂದ ನಡೆದುಕೊಂಡು ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಆರ್ಕ್ ರೈಡರ್ಸ್ ಬಂದಾಗ ನಮ್ಮ ಗುಂಪಿನಲ್ಲಿ ಆಟ ಬಿಟ್ಟೇಬಿಟ್ಟಿದ್ದವರೂ ಮತ್ತೆ ಕೂತರು. ಎಂಟು ತಿಂಗಳಿಗೋ ಹನ್ನೆರಡು ತಿಂಗಳಿಗೋ ಲೆಕ್ಕ ಮುಗಿಸುವವರು ಈ ತಾಳ್ಮೆಯನ್ನು ಗಮನಿಸಬೇಕು.

ಹಣದ ವಿಷಯವನ್ನೂ ಹೇಳಲೇಬೇಕು. ಒಂದು ಆಟದಲ್ಲಿ, ಅದರ ಎಕ್ಸ್‌ಟ್ರಾಕ್ಷನ್ ಮೋಡ್‌ನಲ್ಲಷ್ಟೇ ಉಪಯೋಗಕ್ಕೆ ಬರುವ ಚೀಲವಿದ್ದ ಒಂದು ಬಂಡಲ್ಲನ್ನು (ಆಟದೊಳಗಿನ ವಸ್ತುಗಳ ಕಟ್ಟನ್ನು) ನಾನು ದುಡ್ಡು ಕೊಟ್ಟು ತೆಗೆದುಕೊಂಡಿದ್ದೆ. ಕೆಲವೇ ವಾರಗಳಲ್ಲಿ ಆ ಮೋಡ್ ನಿಲ್ಲುವ ಪ್ರಕಟಣೆ ಬಂತು. ಮೊತ್ತ ದೊಡ್ಡದಲ್ಲ, ಆದರೆ ಮುಚ್ಚುವ ಆಲೋಚನೆ ಇದ್ದಾಗ ಮಾರಾಟ ಮುಂದುವರಿಸಿದ್ದು ನನಗೆ ಸರಿ ಕಂಡಿಲ್ಲ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಇ-ಕಾಮರ್ಸ್ ಎಂಬುದರ ಅರ್ಥದಲ್ಲಿ ಡಿಜಿಟಲ್ ಉತ್ಪನ್ನಗಳನ್ನೂ ಸೇರಿಸಿದೆ, ಆದ್ದರಿಂದ ಇದನ್ನು ಹುಡುಗಾಟದ ವಿಷಯವೆಂದು ತಳ್ಳಿಹಾಕುವಂತಿಲ್ಲ. ದಿ ಕ್ರೂ ಎಂಬ ಕಾರ್ ರೇಸಿನ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಕೊಂಡವರು ಒಬ್ಬರೇ ಕೂತು ಆಡಲೂ ಆಗದಂತಾಯಿತು. ಅಲ್ಲಿಂದ ಹುಟ್ಟಿದ ಚಳವಳಿಯ ಮನವಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಡಿಜಿಟಲ್ ಆಟ ಮಾರುವವರು ತಾವು ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕಾಗಿದೆ. ನಮ್ಮಲ್ಲಿ ಅಷ್ಟಾದರೂ ಆಗಬೇಕು.

ಪ್ರತಿಯೊಂದು ಮೋಡ್ ಎಂದೆಂದಿಗೂ ನಡೆಯುತ್ತಿರಲಿ ಎಂದು ನಾವು ಕೇಳುತ್ತಿಲ್ಲ. ಜನ ಕಡಿಮೆಯಾದರೆ ವಾರಾಂತ್ಯದ ಎರಡು ರಾತ್ರಿ ಮಾತ್ರ ತೆರೆದರೂ ಆದೀತು, ಅಷ್ಟು ಹೊತ್ತಿಗೆ ಎಲ್ಲರೂ ಒಂದೇ ಕಡೆ ಸೇರುತ್ತೇವೆ. ಅದೂ ಸಾಧ್ಯವಿಲ್ಲದಿದ್ದರೆ ಬಾಟ್‌ಗಳ, ಅಂದರೆ ಕಂಪ್ಯೂಟರೇ ಆಡಿಸುವ ಎದುರಾಳಿಗಳ, ವಿರುದ್ಧ ನಮ್ಮ ತಂಡವಷ್ಟೇ ಇಳಿಯುವ ಖಾಸಗಿ ಮ್ಯಾಚ್ ಉಳಿಸಲಿ. ಈ ಮೋಡ್‌ಗಳಲ್ಲಿ ಕಾವಲಿರುವ ಬಾಟ್‌ಗಳು ಮೊದಲಿನಿಂದಲೂ ಇರುವುದರಿಂದ ಇದು ಅತಿಯಾದ ಬೇಡಿಕೆಯೇನಲ್ಲ. ಮುಚ್ಚಲೇಬೇಕಾದಾಗ ಆರು ತಿಂಗಳು ಮೊದಲೇ ತಿಳಿಸಿ, ಅಂದಿನಿಂದಲೇ ಅದಕ್ಕೆ ಸಂಬಂಧಿಸಿದ ವಸ್ತುಗಳ ಮಾರಾಟ ನಿಲ್ಲಿಸಲಿ.

ಇವೇ ಮಾತುಗಳನ್ನು ಮನವಿಯಾಗಿ ಬರೆದು ನಾವು ಮೂವರೂ ನಾವಾಡುವ ಆಟದ ಕಂಪನಿಗೆ ಕಳುಹಿಸಿದ್ದೇವೆ. ಸ್ವಯಂಚಾಲಿತ ಉತ್ತರದ ಹೊರತು ಇದುವರೆಗೆ ಏನೂ ಬಂದಿಲ್ಲ. ಈ ಪತ್ರ ತಮ್ಮಲ್ಲಿ ಪ್ರಕಟವಾದರೆ ಅದರ ಪ್ರತಿಯನ್ನು ಲಗತ್ತಿಸಿ ಇನ್ನೊಮ್ಮೆ ಬರೆಯುತ್ತೇವೆ.

ಇಂತಿ,
ಒಬ್ಬ ಓದುಗ, ಕಲಬುರಗಿ